ಮಾಳಿಗೆಯ ಮೇಲೆ ಕುರಿ, ಕೆಳಗೆ ಕೂಲಿ

(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ಹೋಲ್ಬೆಕ್ ಎಂಬ ಗಿರಣಿಕೇರಿಯಲ್ಲಿ ನಾವು ಕಂಡ ಒಂದು ಕಟ್ಟಡದ ವಿಷಯವನ್ನು ಇಂದು ತಮ್ಮ ಮುಂದಿಡುತ್ತೇವೆ. ಬೀದಿಯಲ್ಲಿ ನಿಂತು ನೋಡಿದರೆ ಅದು ಈಜಿಪ್ತಿನ ದೇವಾಲಯ. ದಪ್ಪ ಕಲ್ಲುಕಂಬಗಳು, ಕಂಬದ ತಲೆಗೆ ಹೂವಿನ ಕೆತ್ತನೆ, ಮೇಲೆ ರೆಕ್ಕೆ ಬಿಚ್ಚಿದ ಸೂರ್ಯ. ಆದರೆ ಒಳಗೆ ಇದ್ದದ್ದು ದೇವರಲ್ಲ, ನೂಲುವ ಯಂತ್ರ. ಹೆಸರು ಟೆಂಪಲ್ ಮಿಲ್.

ಕಟ್ಟಿಸಿದ್ದು ಮಾರ್ಷಲ್ ಮನೆತನ. ಅಗಸೆಯ ನಾರಿನಿಂದ ನೂಲು ತೆಗೆಯುವುದು ಅವರ ಉದ್ಯಮ. ನಾವು ಎಣ್ಣೆಗಾಗಿ ಬೆಳೆಯುವ ಅಗಸೆಯೇ ಅದು. ಪ್ರಾಚೀನ ಈಜಿಪ್ತು ಆ ನಾರಿನ ಬಟ್ಟೆಗೆ ಹೆಸರಾದ ದೇಶ. ಅದಕ್ಕೇ ಗಿರಣಿಗೆ ಈ ವೇಷ. ಈಜಿಪ್ತಿನಲ್ಲಿ ವರ್ಷಗಟ್ಟಲೆ ಇದ್ದು ಗುಡಿಗಳ ಚಿತ್ರ ಬರೆದುಕೊಂಡಿದ್ದ ಜೋಸೆಫ್ ಬೊನೋಮಿ ಮುಂಭಾಗದ ನಕ್ಷೆ ಹಾಕಿದ. 1840ರ ಹೊತ್ತಿಗೆ ಗಿರಣಿ ಸಿದ್ಧವಾಯಿತು.

ಹೊರಗಿನದು ಸೊಗಸು, ಜಾಣತನವೆಲ್ಲ ಒಳಗೆ. ಸುಮಾರು ಎರಡು ಎಕರೆಯಷ್ಟು ಒಂದೇ ಕೋಣೆ. ಮೇಲಿನಿಂದ ಬೆಳಕು ಬರಲು 60ಕ್ಕೂ ಹೆಚ್ಚು ಗಾಜಿನ ಗೋಪುರಗಳು. ಕಬ್ಬಿಣದ ಕಂಬಗಳು ಟೊಳ್ಳು. ಮಳೆನೀರು ಅವುಗಳೊಳಗೇ ಇಳಿಯಬೇಕು. ನಮ್ಮ ಬಯಲುಸೀಮೆಯ ಮನೆಗಳಂತೆ ಮಾಳಿಗೆಗೆ ಮಣ್ಣು ಹಾಕಿ, ಹುಲ್ಲು ಬೆಳೆಸಿದರು. ಏಕೆ? ನೂಲಿನ ಖಾತೆಯಲ್ಲಿ ದುಡಿದವರಿಗೆ ಹೇಳಬೇಕಾಗಿಲ್ಲ. ಗಾಳಿ ಒಣಗಿದರೆ ಎಳೆ ಕಡಿಯುತ್ತದೆ. ಒಳಗಿನ ತೇವ ಆರದಿರಲೆಂದು ಆ ಮಣ್ಣು. ಬೆಳೆದ ಹುಲ್ಲನ್ನು ಮೇಯಲು ಕುರಿಗಳನ್ನು ಮಾಳಿಗೆಗೇ ಬಿಟ್ಟರು!

ಹಳೆಯ ಅಂತಸ್ತಿನ ಗಿರಣಿಗಳಿಗಿಂತ ಇಲ್ಲಿ ಬೆಳಕು ಮೇಲು ಎಂಬುದನ್ನು ನಾವು ಒಪ್ಪಲೇಬೇಕು. ಆದರೆ ಎಳೆಗೆ ಹಿತವಾದ ತೇವ ಎದೆಗೂ ಹಿತವೇ? ಆ ಪ್ರಶ್ನೆಗೆ ಯಾವ ಕಂಬವೂ ಉತ್ತರ ಹೇಳದು. ಉತ್ತರ ಹೇಳಿದವರು ದುಡಿದವರು.

ಇದೇ ಲೀಡ್ಸಿನ ಇನ್ನೊಂದು ಅಗಸೆ ಗಿರಣಿಗೆ ಆರನೆಯ ವಯಸ್ಸಿಗೇ ಸೇರಿದ್ದ ಎಲಿಜಬೆತ್ ಬೆಂಟ್ಲಿ ಎಂಬ ಹೆಣ್ಣುಮಗಳು 1832ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ನಿಂತಳು. ಕೆಲಸ ಹೆಚ್ಚಿದ್ದಾಗ ಬೆಳಗಿನ 5ರಿಂದ ರಾತ್ರಿ 9ರವರೆಗೆ ದುಡಿದೆನೆಂದು ಸಾಕ್ಷಿ ನುಡಿದಳು. ಮರುವರ್ಷವೇ, 9 ವರ್ಷದೊಳಗಿನ ಮಕ್ಕಳನ್ನು ಬಟ್ಟೆ ಗಿರಣಿಗೆ ಸೇರಿಸಬಾರದೆಂದು ಕಾನೂನಾಯಿತು. 1842ರಲ್ಲಿ ಕೂಲಿ ಕಡಿತದ ವಿರುದ್ಧ ಉತ್ತರ ಇಂಗ್ಲೆಂಡಿನ ಕಾರ್ಮಿಕರು ಬಾಯ್ಲರುಗಳ ಬಿರಡೆ ಕಿತ್ತು ಗಿರಣಿ ನಿಲ್ಲಿಸಿದರು. ಆ ಗುಂಪು ಮಾರ್ಷಲ್ಲರ ಬಾಗಿಲಿಗೂ ಬಂತು. ಹೆಂಗಸರಿಗೂ ಎಳೆಯರಿಗೂ ದಿನಕ್ಕೆ ಹತ್ತೇ ಗಂಟೆ ಎಂಬ ಕಾನೂನು ಬರಲು 1847 ಆಗಬೇಕಾಯಿತು.

1886ರಲ್ಲಿ ಮಾರ್ಷಲ್ಲರು ಗಿರಣಿ ಮುಚ್ಚಿದರು. ಗಿರಣಿಗೆ ಬೀಗ ಬಿದ್ದರೆ ಕೇರಿಯ ಅಂಗಡಿಯ ಉದ್ರಿಯೂ ಮುಳುಗುತ್ತದೆಂಬುದನ್ನು ಇಲ್ಲಿ ಕುಳಿತಿರುವ ವ್ಯಾಪಾರಿ ಬಂಧುಗಳು ಬಲ್ಲರು. 2008ರಲ್ಲಿ ಮುಂಭಾಗದ ಒಂದು ಕಂಬ ಕುಸಿಯಿತು. ಆ ಕಟ್ಟಡ ಉಳಿಯಲೆಂದೇ ನಮ್ಮ ಆಸೆ. ಕಲ್ಲು ಕಡೆದದ್ದೂ ಕೂಲಿಯ ಕೈಯೇ ಅಲ್ಲವೇ?

ಆದರೆ ಒಂದು ಮಾತು ನೆನಪಿರಲಿ. ಮಾಲೀಕ ನಿಲ್ಲಿಸಿದ ಕಂಬಕ್ಕೆ ಬಿರುಕು ಬಿಟ್ಟಿತು. ದುಡಿಯುವವರು ಕೂಡಿ ಪಡೆದ ಹೊತ್ತಿನ ಮಿತಿ ದೇಶದಿಂದ ದೇಶಕ್ಕೆ ನಡೆದುಬಂತು. ಅದಕ್ಕೆ ಬಿರುಕು ಬೀಳದಂತೆ ಕಾಯುವುದು ನಮ್ಮ ಪಾಲಿನ ಕೆಲಸ.