ಹಿಂಡಿನ ಹೆಸರಿನಲ್ಲಿ ಹುಲ್ಲಿನ ಕ್ರಯ



ಈ ದತ್ತಿ ಯಾರ ನೆನಪಿನದೋ ಆ ಹಿರಿಯರು ಅಡಮಾನ ಪತ್ರಗಳನ್ನು ಕಾದಂಬರಿಯಷ್ಟೇ ಆಸೆಯಿಂದ ಓದುತ್ತಿದ್ದವರು. ಅವರ ಹೆಸರಿನಲ್ಲಿ ಮಾತಾಡಲು ಕರೆದದ್ದು ನನಗೆ ಸಂದ ಗೌರವ. ಇಂದಿನ ವಿಷಯ ಆಸ್ಟ್ರೇಲಿಯದ ದನದ ಕ್ರಯ. ಅಲ್ಲಿಗೆ ದನ ಬಂದ ಕಥೆ ಎಲ್ಲ ಪುಸ್ತಕಗಳಲ್ಲೂ ಇದೆ, ಬೇಗ ಮುಗಿಸುತ್ತೇನೆ. 1788ರಲ್ಲಿ ಮೊದಲ ಹಡಗುಗಳೊಡನೆ ಬಂದ ಕೆಲವೇ ರಾಸುಗಳು ತಪ್ಪಿಸಿಕೊಂಡು ಕಾಡು ಸೇರಿದವು. 1795ರಲ್ಲಿ ಸಿಕ್ಕಾಗ ಅವು ದೊಡ್ಡ ಹಿಂಡಾಗಿದ್ದವು. ಅದೇ ವರ್ಷ ಮುಂಬಯಿಯಿಂದ ‘ಎಂಡೆವರ್’ ಹಡಗು ನೂರಕ್ಕೂ ಹೆಚ್ಚು ದನಗಳನ್ನು ಸಿಡ್ನಿಯಲ್ಲಿ ಇಳಿಸಿತು. 1838ರಲ್ಲಿ ಜೋಸೆಫ್ ಹಾಡನ್ ಮತ್ತು ಚಾರ್ಲ್ಸ್ ಬಾನಿ ಮುನ್ನೂರರಷ್ಟು ದನಗಳನ್ನು ನೆಲಮಾರ್ಗವಾಗಿ ಅಡಿಲೇಡಿಗೆ ಹೊಡೆದುಕೊಂಡು ಹೋದರು.

ನನ್ನ ತಕರಾರು ಇರುವುದು ಕ್ರಯದ ಬಗ್ಗೆ. 1836ರ ಕಾನೂನಿನಂತೆ ನ್ಯೂ ಸೌತ್ ವೇಲ್ಸಿನಲ್ಲಿ ವಸತಿಗೆ ಗೊತ್ತುಮಾಡಿದ ಎಲ್ಲೆಯಾಚೆ ದನ ಮೇಯಿಸಲು ವರ್ಷಕ್ಕೆ 10 ಪೌಂಡಿನ ಲೈಸೆನ್ಸ್ ಸಾಕಿತ್ತು. ನೆಲ ಸರ್ಕಾರದ್ದು, ಅಲ್ಲಿ ದನ ಮೇಯಿಸುವ ಸ್ಕ್ವಾಟರನಿಗೆ ಅದನ್ನು ಮಾರುವ ಅಧಿಕಾರವಿರಲಿಲ್ಲ. ಆದರೂ ಸ್ಟೇಷನ್‌ಗಳು, ಅಂದರೆ ಈ ದನ ಮೇಯಿಸುವ ನೆಲೆಗಳು, ಕೈಬದಲಾಗುತ್ತಲೇ ಇದ್ದವು. ಕರಾರು ಹೀಗೆ: ಇಷ್ಟು ದನ, ತಲೆಗೆ ಇಷ್ಟು ಬೆಲೆ, ಮೇವಿನ ಹಕ್ಕು ಪುಕ್ಕಟೆ. ಈ ತಲೆಬೆಲೆ ಮಾಂಸದ ಪೇಟೆ ಮತ್ತು ದಾರಿಯ ದೂರ ಸೇರಿ ನಿಗದಿಯಾದದ್ದು ಎನ್ನುವವರಿದ್ದಾರೆ. ಹಾಗಾದರೆ ಒಂದೇ ತಳಿಯ, ಒಂದೇ ವಯಸ್ಸಿನ ರಾಸು ದಾರಿಯಲ್ಲಿ ಒಂದು ಬೆಲೆಗೆ, ಮೇವುನೀರು ಸಮೇತ ಮಾರಿದಾಗ ಅದಕ್ಕಿಂತ ಹೆಚ್ಚಿಗೆ ಹೋಗುತ್ತಿದ್ದುದೇಕೆ? ಹೆಚ್ಚುವರಿ ಹಣ ಹುಲ್ಲಿನದು, ಹೊಳೆದಂಡೆಯದು. ಆ ಹುಲ್ಲುಗಾವಲು ಕೈಸೇರಿದ್ದು ಹೇಗೆ ಎಂಬುದು ಕ್ರಯದ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಅದೇ 1838ರಲ್ಲಿ ನ್ಯೂ ಸೌತ್ ವೇಲ್ಸಿನ ಮಯಾಲ್ ಕ್ರೀಕಿನಲ್ಲಿ ದನಗಾಹಿಗಳು ಕನಿಷ್ಠ 28 ಮಂದಿ ಮೂಲನಿವಾಸಿಗಳನ್ನು ಕೊಂದರು. ಏಳು ಜನರಿಗೆ ಗಲ್ಲಾಯಿತು.

ಇನ್ನು ಸ್ಟೇಷನ್ ಪುಸ್ತಕದಲ್ಲಿ ಬರೆದಿಟ್ಟ ದನದ ಲೆಕ್ಕ. ಬೇಲಿಯಿಲ್ಲದ ಸೀಮೆಯಲ್ಲಿ ದನ ಎಣಿಸಬೇಕೆಂದರೆ ಎಲ್ಲವನ್ನೂ ಒಟ್ಟುಗೂಡಿಸಿ, ಒಂದೊಂದನ್ನೇ ಇಕ್ಕಟ್ಟಿನ ಓಣಿಗೆ ನುಗ್ಗಿಸಿ, ಬಾಲದ ಕುಚ್ಚನ್ನು ನೇರವಾಗಿ ಕತ್ತರಿಸಿ ಬಿಡಬೇಕು; ಮೊಂಡುಬಾಲದ್ದು ಮತ್ತೆ ಸಿಕ್ಕರೆ ಎಣಿಕೆಗಿಲ್ಲ. ವಾರಗಟ್ಟಲೆಯ ಕೆಲಸ, ದನವೂ ಸೊರಗುತ್ತದೆ. ಹಾಗಾಗಿ ಕೊಳ್ಳುವವನು ಅನೇಕ ವೇಳೆ ಸ್ಟೇಷನ್ ಪುಸ್ತಕದ ಸಂಖ್ಯೆಯನ್ನೇ ಒಪ್ಪುತ್ತಿದ್ದ. ಆ ಸಂಖ್ಯೆ ನಿಜಕ್ಕಿಂತ ಹೆಚ್ಚಿರುತ್ತಿದ್ದುದನ್ನು ಮಾರುವವರ ಮೋಸ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವ ವಿದ್ವಾಂಸರು ಮಾಲೀಕನಿಗೆ ನಿಜವಾದ ಸಂಖ್ಯೆ ಗೊತ್ತಿತ್ತೆಂದು ಭಾವಿಸುತ್ತಾರೆ. ಗೊತ್ತಿತ್ತೇ? 1870ರಲ್ಲಿ ಹ್ಯಾರಿ ರೆಡ್‌ಫರ್ಡ್ ಕ್ವೀನ್ಸ್‌ಲ್ಯಾಂಡಿನ ಬೋವೆನ್ ಡೌನ್ಸ್‌ನಿಂದ ಸಾವಿರದಷ್ಟು ದನ ಕದ್ದು ದಕ್ಷಿಣ ಆಸ್ಟ್ರೇಲಿಯದವರೆಗೆ ಹೊಡೆದುಕೊಂಡು ಹೋಗಿ ಮಾರಿದ. ಕಳವು ಕೂಡಲೇ ಯಾರ ಗಮನಕ್ಕೂ ಬರಲಿಲ್ಲ. ಅವನನ್ನು ಸಿಕ್ಕಿಸಿದ್ದು ಎಲ್ಲರ ಕಣ್ಣಿಗೂ ಬೀಳುವ ಒಂದು ಬಿಳಿ ಹೋರಿ. 1873ರಲ್ಲಿ ಕ್ವೀನ್ಸ್‌ಲ್ಯಾಂಡಿನ ರೋಮಾ ಪಟ್ಟಣದ ಜ್ಯೂರಿ ಅವನನ್ನು ಬಿಟ್ಟುಕಳಿಸಿತು, ಅದು ಬೇರೆ ಮಾತು. ಸಾವಿರ ದನ ಹೋದದ್ದು ತಿಳಿಯದ ಯಜಮಾನ ಪುಸ್ತಕದಲ್ಲಿ ಸುಳ್ಳು ಬರೆಸಲು ಮೊದಲು ನಿಜ ಗೊತ್ತಿರಬೇಕಲ್ಲ!

ಮೋಸವೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಆ ಸಂಖ್ಯೆ ಮಾರಲಾಗದ ನೆಲಕ್ಕೆ ಬೆಲೆ ಕಟ್ಟುವ ಉಪಾಯವೂ ಆಗಿತ್ತು. 1843ರ ನ್ಯೂ ಸೌತ್ ವೇಲ್ಸ್ ಕಾಯ್ದೆ ನನ್ನ ಪರವಾಗಿದೆ. ಅದು ಬಂದಮೇಲೆ ದನವನ್ನು ಸಾಲಗಾರನ ಬಳಿಯೇ ಬಿಟ್ಟು ಅಡಮಾನ ಬರೆಯಲು ಸಾಧ್ಯವಾಯಿತು. ಸ್ವಾಧೀನ ಕೊಡದ ಅಡಮಾನವೆಂದರೆ ಲಂಡನ್ನಿನ ಅಧಿಕಾರಿಗಳಿಗೆ ಕಸಿವಿಸಿ. ವಸಾಹತಿನ ಶಾಸನಸಭೆಗೆ ಬೇರೆ ದಾರಿಯಿರಲಿಲ್ಲ; ನೆಲ ಸ್ವಂತದ್ದಲ್ಲದಿದ್ದಾಗ ಸಾಲಕ್ಕೆ ಆಧಾರ ದನವೇ. ದತ್ತಿಯ ಹಿರಿಯರಿದ್ದಿದ್ದರೆ ಆ ಪತ್ರಗಳನ್ನು ಕೈಯಿಂದ ಕೆಳಗಿಡುತ್ತಿರಲಿಲ್ಲ.

ಒಂದು ಗಟ್ಟಿಯಾದ ಆಕ್ಷೇಪವಿದೆ. 1847ರ ರಾಜಾಜ್ಞೆ 14 ವರ್ಷದವರೆಗಿನ ಗುತ್ತಿಗೆ ಕೊಟ್ಟಮೇಲೂ ತಲೆಬೆಲೆಯ ರೂಢಿ ಏಕೆ ಅಳಿಯಲಿಲ್ಲ? ಗುತ್ತಿಗೆ ಒಡೆತನವಲ್ಲ, ಅವಧಿ ತೀರಿದರೆ ಮುಗಿಯಿತು. ಅವಧಿಯ ನಂತರವೂ ಕೊಂಡವನದೆಂದು ಉಳಿಯುತ್ತಿದ್ದುದು ಬರೆ ಹಾಕಿದ ದನ ಮಾತ್ರ. ಬೆಲೆಯನ್ನು ಅದರ ಮೇಲೆಯೇ ಬರೆದರು.