ಕಟ್ಟಡ ನಿಧಿ: ದುಡ್ಡು ಎತ್ತೋದು ಹೇಗೆ, ಕಟ್ಟಿದ್ದನ್ನ ಉಳಿಸ್ಕೊಳ್ಳೋದು ಹೇಗೆ?

ಊರಲ್ಲಿ ಬೆಳೆದವರಿಗೆ ಈ ಪೋಸ್ಟರ್ ಗೊತ್ತಿರುತ್ತೆ: 'ಸಂಘದ ನೂತನ ಕಟ್ಟಡದ ಸಹಾಯಾರ್ಥ ಯಕ್ಷಗಾನ ಪ್ರದರ್ಶನ'. ಈಗ ಅದೇ ಪೋಸ್ಟರ್ ವಾಟ್ಸ್ಆ್ಯಪ್‌ಗೆ ಬಂದಿದೆ, ಕೆಳಗೆ ಒಂದು ಕ್ಯೂಆರ್ ಕೋಡ್ ಸೇರಿಕೊಂಡಿದೆ. ನಾಟಕ ತಂಡ, ಪಕ್ಷಿವೀಕ್ಷಕರ ಬಳಗ, ಚೆಸ್ ಕ್ಲಬ್, ಚಾರಣಿಗರ ಗುಂಪು, ಯಾವುದೇ ಇರಲಿ, ಹತ್ತಿಪ್ಪತ್ತು ವರ್ಷ ನಡೆದ ಮೇಲೆ ಎಲ್ಲರಿಗೂ ಒಂದೇ ಆಸೆ. ನಮ್ಮದೇ ಒಂದು ಸೂರು ಬೇಕು.

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂತಾರಲ್ಲ, ಸಂಘದ ಕಟ್ಟಡ ಅಂದ್ರೆ ಎರಡೂ ಒಟ್ಟಿಗೆ. ಮನೆಯ ಖರ್ಚೂ ಇದೆ, ಮದುವೆಯಷ್ಟು ಜನರ ಅಭಿಪ್ರಾಯವೂ ಇದೆ. ಹಾಗಾಗಿ ಇವತ್ತು ಎರಡು ಹಳೆಯ ಸಂಘಗಳ ಕತೆ, ಆಮೇಲೆ ಸ್ವಲ್ಪ ಲೆಕ್ಕ.

ಮೊದಲನೆಯದು ಮುಂಬೈನದ್ದು. 1883ರ ಸೆಪ್ಟೆಂಬರ್ 15ರಂದು ಎಂಟು ಜನ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಶುರು ಮಾಡಿದ್ರು. ಆ ಎಂಟರಲ್ಲಿ ಇಬ್ಬರು ಭಾರತೀಯ ವೈದ್ಯರು: ಆತ್ಮಾರಾಮ್ ಪಾಂಡುರಂಗ ಮತ್ತು ಸಖಾರಾಮ್ ಅರ್ಜುನ್. ಹಕ್ಕಿ, ಹಾವು, ಚಿಟ್ಟೆ ನೋಡಿದ್ದನ್ನ ಪರಸ್ಪರ ಹೇಳ್ಕೊಳ್ಳೋದು, ಮಾದರಿಗಳನ್ನ ತಂದು ತೋರಿಸೋದು, ಇಷ್ಟೇ ಉದ್ದೇಶ. ಸ್ವಂತ ಜಾಗ ಇರಲಿಲ್ಲ. ಮೊದಲು ಸೇರ್ತಿದ್ದದ್ದು ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ. ಆಮೇಲೆ ಎಚ್.ಎಂ. ಫಿಪ್ಸನ್ ಅನ್ನೋ ಸದಸ್ಯರು ತಮ್ಮ ವೈನ್ ವ್ಯಾಪಾರದ ಜಾಗದಲ್ಲೇ ಸಂಘಕ್ಕೂ ನೆಲೆ ಕೊಟ್ಟರು. ಅಲ್ಲಿ ವಿಲಿಯಂ ಅನ್ನೋ ಒಂದು ಮಂಗಟ್ಟೆ ಹಕ್ಕಿ, ಅಂದ್ರೆ ಹಾರ್ನ್‌ಬಿಲ್, 1894ರಿಂದ 1920ರವರೆಗೆ 26 ವರ್ಷ ಬದುಕಿತ್ತು. ಇವತ್ತು ಸಂಘದ ಲಾಂಛನದಲ್ಲಿರೋದು ಮಂಗಟ್ಟೆ. ಮುಂಬೈನ ಅದರ ಕೇಂದ್ರ ಕಚೇರಿಯ ಹೆಸರು ಹಾರ್ನ್‌ಬಿಲ್ ಹೌಸ್.

ಇಲ್ಲಿ ಗಮನಿಸಬೇಕಾದ್ದು ಏನು ಗೊತ್ತಾ? ಆ ಸಂಘದ ಪತ್ರಿಕೆ 1886ರಲ್ಲೇ ಶುರುವಾಯ್ತು. ಸ್ವಂತ ಕಟ್ಟಡ ಬಂದದ್ದು ಎಷ್ಟೋ ದಶಕಗಳ ನಂತರ.

ಎರಡನೆಯದು ನಮ್ಮ ಮಲೆನಾಡಿನದ್ದು. ಶಿವಮೊಗ್ಗ ಜಿಲ್ಲೆ, ಸಾಗರ ತಾಲೂಕು, ಹೆಗ್ಗೋಡು. 1949ರಲ್ಲಿ ಅಲ್ಲಿ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಹುಟ್ಟಿತು. ನಾವೆಲ್ಲ ನೀನಾಸಂ ಅಂತ ಕರೆಯೋದು ಇದನ್ನೇ. ಅಪ್ಪಟ ಹವ್ಯಾಸಿ ತಂಡ. ಕೆ.ವಿ. ಸುಬ್ಬಣ್ಣನವರು ಕಟ್ಟಿ ಬೆಳೆಸಿದ್ದು. ಅಲ್ಲಿನ ಶಿವರಾಮ ಕಾರಂತ ರಂಗಮಂದಿರ ಉದ್ಘಾಟನೆ ಆಗಿದ್ದು 1972ರಲ್ಲಿ. ಅಂದ್ರೆ 23 ವರ್ಷ ನಾಟಕ ಮೊದಲು, ಕಟ್ಟಡ ಆಮೇಲೆ. ಆದರೆ ಆ ಕಟ್ಟಡ ಬಂದ ಮೇಲೆ ಏನೇನಾಯ್ತು ನೋಡಿ. 1980ರಲ್ಲಿ ರಂಗ ಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ತಿರುಗಾಟ, 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ.

ಎರಡೂ ಕತೆ ಹೇಳೋದು ಒಂದೇ ಮಾತು. ಜನ ಗೋಡೆಗೆ ದುಡ್ಡು ಕೊಡಲ್ಲ, ಗೋಡೆಯೊಳಗೆ ನಡೆಯೋ ಕೆಲಸಕ್ಕೆ ಕೊಡ್ತಾರೆ. ಆದ್ದರಿಂದ ಮನವಿ ಪತ್ರದಲ್ಲಿ ಕಟ್ಟಡದ ಬಣ್ಣದ ಚಿತ್ರ ಹಾಕೋ ಮೊದಲು, ಕಳೆದ ಐದು ವರ್ಷದಲ್ಲಿ ಏನು ಮಾಡಿದ್ರಿ, ಜಾಗ ಇಲ್ಲದೆ ಯಾವ ಕೆಲಸ ನಿಂತಿದೆ ಅನ್ನೋದನ್ನ ಬರೀರಿ.

ಈಗ ಲೆಕ್ಕ. ಒಂದು ಸಂಘ ಇದೆ ಅಂತಿಟ್ಕೊಳ್ಳಿ, 200 ಸದಸ್ಯರು. ಬೇಕಾಗಿರೋದು 60 ಲಕ್ಷ. ಸಭೆಯಲ್ಲಿ ಯಾರೋ ಒಬ್ಬರು ಎದ್ದು, 'ತಲೆಗೆ 30 ಸಾವಿರ ಹಾಕಿದ್ರೆ ಮುಗೀತಲ್ಲ' ಅಂತಾರೆ. ಮುಗಿಯಲ್ಲ. ಕಾಲೇಜು ಹುಡುಗನಿಗೆ 30 ಸಾವಿರ ದೊಡ್ಡ ಮೊತ್ತ. ಅಡಿಕೆ ಮಂಡಿ ಯಜಮಾನರಿಗೆ ಅಲ್ಲ. ಎಲ್ಲರಿಗೂ ಒಂದೇ ವಂತಿಗೆ ಹಾಕಿದ್ರೆ ಹುಡುಗ ಸಂಘ ಬಿಡ್ತಾನೆ, ಯಜಮಾನರು ಕಡಿಮೆ ಕೊಟ್ಟು ಕೈ ತೊಳ್ಕೋತಾರೆ.

ಬದಲಿಗೆ ಮೆಟ್ಟಿಲು ಹಾಕಿ. ಒಬ್ಬರಿಂದ 6 ಲಕ್ಷ. ನಾಲ್ವರಿಂದ ತಲಾ ಎರಡೂವರೆ ಲಕ್ಷ. ಹತ್ತು ಜನರಿಂದ ತಲಾ 1 ಲಕ್ಷ. 40 ಜನರಿಂದ ತಲಾ 25 ಸಾವಿರ. 120 ಜನರಿಂದ ತಲಾ 10 ಸಾವಿರ. 240 ಜನರಿಂದ ತಲಾ 5 ಸಾವಿರ. ಕೂಡಿಸಿ, ಸರಿಯಾಗಿ 60 ಲಕ್ಷ. ಮೊದಲ 15 ಜನರಿಂದಲೇ 26 ಲಕ್ಷ ಬಂತು. ಅವರ ಮನೆಗೆ ಖುದ್ದಾಗಿ ಹೋಗ್ಬೇಕು, ಫಾರ್ವರ್ಡ್ ಮೆಸೇಜ್ ಸಾಲದು. ಇನ್ನೊಂದು ವಿಷಯ, ಒಟ್ಟು ದಾನಿಗಳು 415 ಆದ್ರು, ಸದಸ್ಯರು ಇರೋದು 200. ಅಂದ್ರೆ ಅರ್ಧಕ್ಕಿಂತ ಹೆಚ್ಚು ಜನ ಹೊರಗಿನವರು. ಅವರು ನಿಮ್ಮನ್ನ ನಂಬಬೇಕು.

ನಂಬಿಕೆ ಬರೋದು ಕಾಗದದಿಂದ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಸೇರಿದ್ರೆ ಸಂಘ ನೋಂದಾಯಿಸಬಹುದು. ನಿವೇಶನ ಸಂಘದ ಹೆಸರಲ್ಲೇ ನೋಂದಣಿ ಆಗ್ಬೇಕು. 'ಸದ್ಯಕ್ಕೆ ಅಧ್ಯಕ್ಷರ ಹೆಸರಲ್ಲಿರಲಿ' ಅನ್ನೋ ಮಾತಿಗೆ ಒಪ್ಪಲೇಬೇಡಿ. ಅಧ್ಯಕ್ಷರು ಎಷ್ಟೇ ಒಳ್ಳೆಯವರಿರಲಿ, ಅವರ ನಂತರ ಮಕ್ಕಳು ಪಾಲು ಕೇಳಿದ್ರೆ 415 ಜನರ ದುಡ್ಡು ಕೋರ್ಟಿನಲ್ಲಿ ಕೂರುತ್ತೆ. ಕಟ್ಟಡ ನಿಧಿಗೆ ಬೇರೆಯೇ ಬ್ಯಾಂಕ್ ಖಾತೆ, ಪ್ರತಿಯೊಬ್ಬರಿಗೂ ರಸೀದಿ, ತಿಂಗಳಿಗೊಮ್ಮೆ ಬಂದಿದ್ದೆಷ್ಟು, ಹೋಗಿದ್ದೆಷ್ಟು ಅನ್ನೋ ಲೆಕ್ಕ ಗ್ರೂಪಿನಲ್ಲಿ. ಕ್ಯೂಆರ್ ಕೋಡ್ ಕೂಡ ಸಂಘದ ಖಾತೆಯದ್ದೇ ಆಗಿರಬೇಕು, ಖಜಾಂಚಿಯ ಸ್ವಂತ ಖಾತೆಯದ್ದಲ್ಲ.

ತೆರಿಗೆ ರಿಯಾಯಿತಿ ಬಗ್ಗೆ ಎಲ್ಲರೂ ಕೇಳ್ತಾರೆ. ಜನ 80ಜಿ ಅಂತ ಕರೆಯೋದು ಅದನ್ನೇ. ನೋಂದಣಿ ಆದ ತಕ್ಷಣ ಅದು ತಾನಾಗೇ ಸಿಗಲ್ಲ, ಆದಾಯ ತೆರಿಗೆ ಇಲಾಖೆಯಿಂದ ಬೇರೆ ಅನುಮೋದನೆ ಬೇಕು. ಸದಸ್ಯರ ಮೋಜಿಗಷ್ಟೇ ಇರೋ ಕ್ಲಬ್‌ಗೆ ಅದು ಕಷ್ಟ, ಸಾರ್ವಜನಿಕ ಉದ್ದೇಶ ಇರಬೇಕು. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ದೇಣಿಗೆಗೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಹಳೆಯ ಪದ್ಧತಿಯಲ್ಲಿ ಇಂಥ ಸಂಘಕ್ಕೆ 10 ಸಾವಿರ ಕೊಟ್ಟರೆ ಸಾಮಾನ್ಯವಾಗಿ 5 ಸಾವಿರ ಆದಾಯದಿಂದ ಕಳೆಯುತ್ತೆ. ಶೇ 20ರ ತೆರಿಗೆ ಹಂತದಲ್ಲಿದ್ದರೆ ಉಳಿಯೋದು ಸುಮಾರು ಸಾವಿರ ರೂಪಾಯಿ. ಹಾಗಾಗಿ 'ಅರ್ಧ ದುಡ್ಡು ವಾಪಸ್' ಅಂತ ಯಾರಿಗೂ ಹೇಳಬೇಡಿ.

ಅಮೆರಿಕದಲ್ಲಿರೋ ನಮ್ಮೂರ ಅಣ್ಣ ಕೊಡ್ತೀನಿ ಅಂದ್ರೆ? ಮೊದಲು ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ. ಭಾರತದ್ದೇ ಆಗಿದ್ರೆ, ಸ್ವಂತ ದುಡಿಮೆಯ ಹಣವನ್ನ ಬ್ಯಾಂಕ್ ಮೂಲಕ ಕೊಡಬಹುದು. ಅಮೆರಿಕದ ಪೌರತ್ವ ತಗೊಂಡಿದ್ರೆ, ಒಸಿಐ ಕಾರ್ಡ್ ಇದ್ರೂ ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ ಅನುಮತಿ ಇಲ್ಲದೆ ಮುಟ್ಟಬೇಡಿ.

ಕೊನೆಯದು, ಎಲ್ಲರೂ ಮರೆಯೋದು. ಉದ್ಘಾಟನೆಯ ಮರುದಿನದ ಖರ್ಚು. ಕಾವಲುಗಾರ, ಕರೆಂಟು, ನೀರು, ಕಂದಾಯ, ಸುಣ್ಣಬಣ್ಣ. ತಿಂಗಳಿಗೆ 20 ಸಾವಿರ ಅಂದ್ರೂ ವರ್ಷಕ್ಕೆ 2.4 ಲಕ್ಷ. ಬರೀ ಬಡ್ಡಿಯಲ್ಲಿ ಇದನ್ನ ತೂಗಿಸೋದಾದ್ರೆ, ಶೇ 6ರ ಲೆಕ್ಕದಲ್ಲಿ 40 ಲಕ್ಷ ಠೇವಣಿ ಬೇಕು. ಅದಿಲ್ಲದ ಸಂಘ ಏನು ಮಾಡುತ್ತೆ? ಹಾಲ್ ಬಾಡಿಗೆಗೆ ಕೊಡುತ್ತೆ. ಮೊದಲು ನಾಮಕರಣ, ಆಮೇಲೆ ನಿಶ್ಚಿತಾರ್ಥ, ಕಡೆಗೆ ಮದುವೆ. ಶನಿವಾರ ಭಾನುವಾರ ಎಲ್ಲ ಬುಕ್ ಆಗಿ, ನಾಟಕದವರು ರಿಹರ್ಸಲ್‌ಗೆ ಮತ್ತೆ ಯಾರದೋ ಮನೆಯ ಟೆರೇಸ್ ಹುಡುಕ್ತಾರೆ. ಕಟ್ಟಡ ಉಳೀತು, ಹವ್ಯಾಸ ಬೀದಿಗೆ ಬಂತು.

ಇದಕ್ಕೊಂದು ದಾರಿ ಇದೆ. ಅದೇ 60 ಲಕ್ಷದಲ್ಲಿ 40 ಲಕ್ಷಕ್ಕೆ ಕಟ್ಟಡ ಮುಗಿಸಿ, 20 ಲಕ್ಷ ಠೇವಣಿ ಇಡಿ. ವರ್ಷಕ್ಕೆ 1.2 ಲಕ್ಷ ಬಡ್ಡಿ. ಉಳಿದ 1.2 ಲಕ್ಷಕ್ಕೆ 200 ಸದಸ್ಯರು ತಿಂಗಳಿಗೆ 50 ರೂಪಾಯಿ ಕೊಟ್ಟರೆ ಸಾಕು. ಮಹಡಿ ಒಂದು ಕಡಿಮೆ ಆಗುತ್ತೆ, ನಿಜ. ಆದರೆ ಭಾನುವಾರ ನಿಮ್ಮದೇ ಆಗಿರುತ್ತೆ. ಬೆಲೆ ಏರಿದಂತೆ ಆ 50 ರೂಪಾಯಿಯನ್ನೂ ಆಗಾಗ ಏರಿಸಬೇಕು ಅನ್ನೋದನ್ನ ಮೊದಲೇ ಹೇಳಿಬಿಡಿ.

ನಿಮ್ಮ ಸಂಘದಲ್ಲೂ ಕಟ್ಟಡದ ಮಾತು ಶುರುವಾಗಿದ್ರೆ, ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಜಾಗ ಯಾರ ಹೆಸರಲ್ಲಿರುತ್ತೆ? ಕಟ್ಟಡ ಆಗದೇ ಹೋದ್ರೆ ದೇಣಿಗೆ ಏನಾಗುತ್ತೆ? ಕಟ್ಟಿದ ಮೇಲೆ ಕರೆಂಟ್ ಬಿಲ್ ಯಾರು ಕಟ್ತಾರೆ? ಮೂರಕ್ಕೂ ಉತ್ತರ ನಡಾವಳಿ ಪುಸ್ತಕದಲ್ಲಿ ಬರೆದ ದಿನ, ಮೊದಲ ಐನೂರು ರೂಪಾಯಿ ನೀವೇ ಕಳಿಸಿ.