ನೆಲದ ಮೇಲೆ ಕೂತು ಕಲಿತ ಹಾಡು



ದೇವರ ಹಾಡನ್ನು ಟಿಕೆಟ್ ಕೊಂಡು ಬಂದವರ ಮುಂದೆ ಹಾಡಬಹುದೇ? 1871ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಒಂಬತ್ತು ಯುವಕ ಯುವತಿಯರಿಗೆ ಈ ಪ್ರಶ್ನೆ ಎದುರಾಯಿತು. ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆಂದು 1866ರಲ್ಲಿ ತೆರೆದ ಅವರ ಫಿಸ್ಕ್ ವಿದ್ಯಾಸಂಸ್ಥೆ ಸಾಲದಲ್ಲಿ ಮುಳುಗಿತ್ತು. ಅಲ್ಲಿನ ಖಜಾಂಚಿಯೂ ಸಂಗೀತದ ಮೇಷ್ಟ್ರೂ ಆಗಿದ್ದ ಜಾರ್ಜ್ ವೈಟ್, ಊರೂರಲ್ಲಿ ಹಾಡಿ ಹಣ ಕೂಡಿಸೋಣವೆಂದು ಇವರನ್ನು ಕರೆದುಕೊಂಡು ಹೊರಟರು.

ಮೊದಮೊದಲು ಹಾಡಿದ್ದು ಹೆಚ್ಚಾಗಿ ಬಿಳಿಯರ ಮೆಚ್ಚಿನ ಹಾಡುಗಳು. ಗಳಿಕೆ ದಾರಿಖರ್ಚಿಗೂ ಸಾಲದು. ಎಷ್ಟೋ ಹೋಟೆಲಿನವರು ಮೈಬಣ್ಣ ನೋಡಿಯೇ ಜಾಗವಿಲ್ಲ ಅಂದರು. ಅಷ್ಟರಲ್ಲೂ ಸಿನ್ಸಿನಾಟಿಯಲ್ಲಿ ಬಂದ ಪುಡಿಗಾಸನ್ನು ಆಗಷ್ಟೇ ಷಿಕಾಗೊದಲ್ಲಿ ಬಿದ್ದ ಬೆಂಕಿಯಲ್ಲಿ ಮನೆ ಕಳೆದುಕೊಂಡವರಿಗೆ ಕೊಟ್ಟುಬಿಟ್ಟರು!

ಹೆತ್ತವರು ದಾಸ್ಯದ ದಿನಗಳಲ್ಲಿ ಕಟ್ಟಿ ಹಾಡಿದ ಭಕ್ತಿಯ ಪದಗಳು ಅವರ ಕೊರಳಲ್ಲೇ ಇದ್ದವು. ಹೊರಗೆ ಹಾಡಲು ಮಾತ್ರ ಮನಸ್ಸೊಪ್ಪದು. ತಂಡದ ಪಿಯಾನೋ ವಾದಕಿ ಎಲಾ ಶೆಪ್ಪರ್ಡ್ ಸ್ವತಃ ಗುಲಾಮಗಿರಿಯಲ್ಲಿ ಹುಟ್ಟಿದವರು. ಆ ಪದಗಳು ಹೆತ್ತವರಿಗೆ ಪವಿತ್ರ, ತಮಗೆ ಮರೆಯಬೇಕೆನಿಸಿದ ಕಾಲದ ನೆನಪು ಎಂದು ಅವರು ಮುಂದೆ ಬರೆದರು. ಕುರ್ಚಿಗಳೂ ಸಾಲದ ಕೋಣೆಯಲ್ಲಿ ನೆಲದ ಮೇಲೆ ಕೂತು, ಮೆಲ್ಲನೆಯ ದನಿಯಲ್ಲಿ, ಒಬ್ಬರಿಂದೊಬ್ಬರು ಅವನ್ನು ಕಲಿತರಂತೆ.

ತಾಲೀಮಿನಲ್ಲಿ ವೈಟ್ ಪಟ್ಟು ಹಿಡಿದದ್ದೂ ಆ ಮೆಲುದನಿಗೇ. ಯಾರ ಗಂಟಲೂ ಮೇಲೇಳಬಾರದು. ಪಕ್ಕದವರ ದನಿಗೆ ಕಿವಿಗೊಟ್ಟು ತನ್ನದನ್ನು ಬೆರೆಸಬೇಕು. ಆ ನವೆಂಬರಿನಲ್ಲಿ ಓಬರ್ಲಿನ್‌ನ ಪಾದ್ರಿಗಳ ಸಭೆಯಲ್ಲಿ, ಗಲಾಟೆಯ ನಡುವೆಯೇ, ಹೀಗೊಂದು ಪದ ಎತ್ತಿಕೊಂಡಾಗ ಸಭೆಗೆ ಸಭೆಯೇ ಸುಮ್ಮನಾಯಿತೆಂದು ಹೇಳುತ್ತಾರೆ. ತಂಡದ ದೆಸೆ ತಿರುಗಿದ್ದು ಅಲ್ಲಿ.

ಆದರೆ ಹಿರಿಯರು ಹಾಡಿದ್ದು ಹೀಗೆಯೇ? ಅವರ ಪ್ರಾರ್ಥನೆಯಲ್ಲಿ ಕೂಗಿತ್ತು, ಚಪ್ಪಾಳೆಯಿತ್ತು, ಕಾಲಿನ ತಾಳವಿತ್ತು. ವೇದಿಕೆಯ ಈ ನಯವಾದ ಹಾಡು ಅಸಲಿಯಲ್ಲ ಎಂದು ಲೇಖಕಿ ಜೋರಾ ನೀಲ್ ಹರ್ಸ್ಟನ್ 1934ರಲ್ಲಿ ಕಟುವಾಗಿಯೇ ಬರೆದರು. ಮಾತಿನಲ್ಲಿ ಹುರುಳಿದೆ. ನಮ್ಮ ಭಜನೆಗಳು ಸ್ಪರ್ಧೆಯ ವೇದಿಕೆ ಹತ್ತಿದಾಗ ನನಗೂ ಹಾಗೇ ಅನ್ನಿಸುತ್ತದೆ. ಆದರೂ ಆ ಒಂಬತ್ತು ಮಂದಿಯನ್ನು ದೂರಲು ನಾಲಿಗೆ ಏಳದು. ಹಿರಿಯರ ಆವೇಶವನ್ನು ಅವರು ತಮ್ಮವರಿಗೇ ಉಳಿಸಿದರೇನೋ. ಹೊರಗಿನವರಿಗೆ ಕೊಟ್ಟದ್ದು ಕೊಡಬಹುದಾದಷ್ಟನ್ನೇ.

1873ರಲ್ಲಿ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯೂ ತಂಡದ ಹಾಡು ಕೇಳಿದರು. ಹಾಡಿ ಕೂಡಿಸಿದ ಹಣದಿಂದ ಫಿಸ್ಕ್‌ನಲ್ಲಿ ಎದ್ದ ಜುಬಿಲಿ ಹಾಲ್ 1876ರ ಹೊಸ ವರ್ಷದ ದಿನ ತೆರೆಯಿತು. ಅದು ವಿದ್ಯಾರ್ಥಿಗಳು ಉಳಿದುಕೊಳ್ಳಲು ಕಟ್ಟಿದ ಮನೆ.